ಅಪ್‌ಗ್ರೇಡ್ ಆದಮೇಲೆ ಸ್ಕ್ರೀನ್ ಕಪ್ಪಾಯಿತೇ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ನೋಡಿ

ತಿಪಟೂರಿನಿಂದ ಚಿಕ್ಕಪ್ಪ ಬೆಳಗ್ಗೆ ಬೆಳಗ್ಗೆಯೇ ಫೋನ್ ಮಾಡಿದ್ದರು. ಅವರದು ಕೊಬ್ಬರಿ ವ್ಯಾಪಾರ. ಲೆಕ್ಕವೆಲ್ಲ ಟ್ಯಾಲಿಯಲ್ಲಿ, ಐದು ವರ್ಷದ ಹಳೇ ಲ್ಯಾಪ್‌ಟಾಪಿನಲ್ಲಿ. ಹಿಂದಿನ ರಾತ್ರಿ ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಹಾಕಿ ಮಲಗಿದ್ದಾರೆ. ಎದ್ದು ನೋಡಿದರೆ ಸ್ಕ್ರೀನ್ ಪೂರಾ ಕಪ್ಪು. "ಅಂಗಡಿಯವನು ಫಾರ್ಮ್ಯಾಟ್ ಹೊಡೀಬೇಕು ಅಂತಾನೆ ಕಣೋ. ಲೆಕ್ಕ ಎಲ್ಲ ಹೋಗುತ್ತಂತೆ" ಅಂದರು. ದನಿ ನಡುಗುತ್ತಿತ್ತು.

"ಫಾರ್ಮ್ಯಾಟ್ ಬೇಡ ಚಿಕ್ಕಪ್ಪ. ಫೋನ್ ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪ್ ಪಕ್ಕ ಇಡಿ" ಅಂದೆ. ಒಂದು ಸಲ ಸ್ಪೇಸ್ ಬಾರ್ ಒತ್ತಿಸಿ, ಕತ್ತಲಲ್ಲೇ ಪಿನ್ ಟೈಪ್ ಮಾಡಿಸಿದೆ. ಅರ್ಧ ನಿಮಿಷ ಬಿಟ್ಟು ಪೆನ್‌ಡ್ರೈವ್ ಚುಚ್ಚಲು ಹೇಳಿದೆ. ಪೆನ್‌ಡ್ರೈವ್ ಹಾಕಿದಾಗ ಬರುವ "ಟಿಡಿಂಗ್" ಸದ್ದು ನನಗೆ ಫೋನಿನಲ್ಲೇ ಕೇಳಿಸಿತು. ಅಂದರೆ ಒಳಗೆ ವಿಂಡೋಸ್ ಆರಾಮಾಗಿ ಓಡುತ್ತಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆಮೇಲೆ ನಾಲ್ಕು ಕೀ ಒಟ್ಟಿಗೆ ಒತ್ತಿಸಿದೆ. ಒಂದು ಬೀಪ್. "ಬಂತು, ಬಂತು ಕಣೋ!"

ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆದರೆ ಒಂದು ಮಾತು ನಿಜ. ಅಪ್‌ಗ್ರೇಡ್ ಆದಮೇಲೆ ಸ್ಕ್ರೀನ್ ಕಪ್ಪಾದರೆ ಸಾಮಾನ್ಯವಾಗಿ ನಿಮ್ಮ ಫೈಲುಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಅವನ್ನು ಅಳಿಸುವುದು ಗಾಬರಿಯಲ್ಲಿ ಮಾಡುವ ಫಾರ್ಮ್ಯಾಟ್. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಮೇಲೆ ತುಂಬಾ ಜನ 11ಕ್ಕೆ ಹೋಗುತ್ತಿದ್ದಾರೆ. ಹಾಗಾಗಿ ಇದನ್ನು ವಿಂಡೋಸ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

## ಅಪ್‌ಗ್ರೇಡ್ ಇನ್ನೂ ಮುಗಿದಿಲ್ಲ, ನಡುವೆಯೇ ಕಪ್ಪಾಗಿದೆ

ಮೊದಲು ಗಡಿಯಾರ ನೋಡಿ. ಅಪ್‌ಗ್ರೇಡ್ ಆಗುವಾಗ ಕಂಪ್ಯೂಟರ್ ಹಲವು ಸಲ ತಾನೇ ಆಫ್ ಆಗಿ ಆನ್ ಆಗುತ್ತದೆ. ಆ ಸಂದಿನಲ್ಲಿ ಸ್ಕ್ರೀನ್ ಕಪ್ಪಾಗುವುದು ಸಹಜ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ಬೇಗ ಮುಂದೆ ಹೋಗುತ್ತದೆ. ಹಳೇ ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ ಕೂರಿಸುತ್ತದೆ.

ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದೆಯಾ ನೋಡಿ. ದೀಪ ಇಲ್ಲದ ಲ್ಯಾಪ್‌ಟಾಪ್ ಆದರೆ ಕೈ ಇಟ್ಟು ನೋಡಿ. ಬೆಚ್ಚಗಿದ್ದು ಫ್ಯಾನ್ ಒಮ್ಮೆ ಜೋರು ಒಮ್ಮೆ ಮೆಲ್ಲ ತಿರುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ಆಗ ಪವರ್ ಬಟನ್ ಮುಟ್ಟಬೇಡಿ. ಚಾರ್ಜರ್ ಹಾಕೇ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಅಪ್‌ಗ್ರೇಡ್ ಶುರು ಮಾಡಲೇಬೇಡಿ. ಸಂಜೆ ಕರೆಂಟ್ ಕೈಕೊಡುವ ಊರುಗಳಲ್ಲಂತೂ ಇದು ಮುಖ್ಯ. ಅರ್ಧದಲ್ಲಿ ಕರೆಂಟ್ ಹೋದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ನಾನಾದರೆ ಮೂರು ಗಂಟೆ ಕಾಯುತ್ತೇನೆ. ಅಷ್ಟಾದರೂ ದೀಪದಲ್ಲಿ, ಫ್ಯಾನಿನಲ್ಲಿ ಒಂದಿಷ್ಟೂ ಚಲನೆ ಇಲ್ಲದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ. ಅಷ್ಟರಲ್ಲಿ ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಏನೇ ಚುಚ್ಚಿದ್ದರೂ ತೆಗೆದಿಡಿ.

## ಯಾವ ಥರದ ಕಪ್ಪು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಆನ್ ಮಾಡಿದ ತಕ್ಷಣ ಕಂಪನಿಯ ಲೋಗೋ ಬರುತ್ತಾ? ಈ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಲೋಗೋ ವಿಂಡೋಸಿನದಲ್ಲ, ಮದರ್‌ಬೋರ್ಡಿನದು. ವಿಂಡೋಸ್ ಏಳುವ ಮುಂಚೆಯೇ ಅದು ಬರುತ್ತದೆ. ಲೋಗೋ ಬಂದು ಆಮೇಲೆ ಕತ್ತಲಾದರೆ ಪರದೆ ಚೆನ್ನಾಗಿದೆ, ತೊಂದರೆ ವಿಂಡೋಸ್ ಕಡೆ ಇದೆ. ಲೋಗೋ ಕೂಡ ಇಲ್ಲದಿದ್ದರೆ ವಿಂಡೋಸನ್ನು ಎಷ್ಟು ಸಲ ಹಾಕಿದರೂ ಸುಮ್ನೆ ದಂಡ.

ಎರಡನೆಯದು ಕ್ಯಾಪ್ಸ್ ಲಾಕ್. ಆ ಕೀಯಲ್ಲಿ ದೀಪ ಇದ್ದರೆ ಒತ್ತಿ ನೋಡಿ. ಒತ್ತಿದಾಗಲೆಲ್ಲ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ನಿಮ್ಮ ಮಾತು ಕೇಳುತ್ತಿದೆ. ದೀಪ ಹಾಗೇ ನಿಂತಿದ್ದರೆ ಸಿಕ್ಕಿಹಾಕಿಕೊಂಡಿದೆ. ಪೆನ್‌ಡ್ರೈವ್ ಸದ್ದಿನ ಪರೀಕ್ಷೆಯೂ ಇದಕ್ಕೇ. ಆದರೆ ಲಾಗಿನ್ ಆಗುವ ಮುಂಚೆ ಆ ಸದ್ದು ಬರದೇ ಇರಬಹುದು. ಅದಕ್ಕೇ ಚಿಕ್ಕಪ್ಪನ ಕೈಲಿ ಮೊದಲು ಪಿನ್ ಹಾಕಿಸಿದ್ದು.

## ಲೋಗೋ ಕೂಡ ಬರುತ್ತಿಲ್ಲ, ಫ್ಯಾನ್ ಮಾತ್ರ ತಿರುಗುತ್ತಿದೆ

ಖರ್ಚಿಲ್ಲದ ಕೆಲಸ ಮೊದಲು. ಬ್ರೈಟ್‌ನೆಸ್ ಹೆಚ್ಚಿಸುವ ಕೀ ಹತ್ತು ಸಲ ಒತ್ತಿ. ಡೆಸ್ಕ್‌ಟಾಪ್ ಆದರೆ ಮಾನಿಟರಿನ ಕೇಬಲ್ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿ. ಮಾನಿಟರಿನ ಬಟನ್ ಒತ್ತಿ ಸರಿಯಾದ ಇನ್‌ಪುಟ್ ಆರಿಸಿದೆಯಾ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಆ ಕಾರ್ಡಿನ ತೂತಿಗೇ ಹೋಗಬೇಕು, ಮದರ್‌ಬೋರ್ಡಿನದಕ್ಕಲ್ಲ.

ಆಮೇಲೆ ಕರೆಂಟ್ ಪೂರ್ತಿ ಇಳಿಸಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿಂದಲೇ ಬಿಚ್ಚುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಒಳಗೆ ಉಳಿದ ಚೂರುಪಾರು ಕರೆಂಟಿನಿಂದ ಬೋರ್ಡ್ ಸಿಕ್ಕಿಕೊಂಡಿದ್ದರೆ ಇದರಿಂದ ಬಿಡುತ್ತದೆ.

ಈಗ ಟಾರ್ಚ್ ಪರೀಕ್ಷೆ. ಕೋಣೆ ಕತ್ತಲು ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿ ಫೋನಿನ ಟಾರ್ಚನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿಯಿರಿ. ಬೂದಿ ಬಣ್ಣದಲ್ಲಿ, ನೀರಿನೊಳಗೆ ಕಂಡ ಹಾಗೆ, ಲೋಗೋನೋ ಗಡಿಯಾರದ ಅಂಕಿಯೋ ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಹೋಗಿದೆ ಎಂದರ್ಥ. ಅದು ಪರದೆಯ ಕೇಬಲ್ ಅಥವಾ ಪ್ಯಾನೆಲ್ ರಿಪೇರಿ. ಅಂಗಡಿಯ ಕೆಲಸ. ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದರೆ ಇನ್ನೂ ಖಾತ್ರಿಯಾಗುತ್ತದೆ. ಟಿವಿಯಲ್ಲಿ ಚಿತ್ರ ಚೆನ್ನಾಗಿ ಬಂದರೆ ಫೈಲುಗಳನ್ನು ಆಗಲೇ ಕಾಪಿ ಮಾಡಿಕೊಂಡುಬಿಡಿ.

ಇನ್ನೊಂದು ಕಾರಣವನ್ನು ಜನ ಮರೆತೇಬಿಡುತ್ತಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಸುರಕ್ಷತೆಯ ವ್ಯವಸ್ಥೆಗಳು ಬೇಕು ಅಂತ ಯಾವುದೋ ವಿಡಿಯೋ ನೋಡಿ ಬಯಾಸ್‌ನಲ್ಲಿ, ಅಂದರೆ ವಿಂಡೋಸಿಗೂ ಮುಂಚೆ ಏಳುವ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ, ಏನನ್ನಾದರೂ ಬದಲಿಸಿದ್ದೀರಾ? ಸೆಕ್ಯೂರ್ ಬೂಟ್ ಹಾಕಬೇಕಾದರೆ ಸಿಎಸ್‌ಎಂ ಅನ್ನುವ ಹಳೇ ಪದ್ಧತಿಯ ಬೂಟನ್ನು ಆಫ್ ಮಾಡಬೇಕು. ತುಂಬಾ ಹಳೇ ಗ್ರಾಫಿಕ್ಸ್ ಕಾರ್ಡುಗಳಿಗೆ ಹೊಸ ಪದ್ಧತಿ ಗೊತ್ತಿರುವುದಿಲ್ಲ. ಸಿಎಸ್‌ಎಂ ಆಫ್ ಆದ ಕೂಡಲೇ ಅವು ಚಿತ್ರವನ್ನೇ ಕೊಡುವುದಿಲ್ಲ. ಬಯಾಸ್ ಕೂಡ ಕಾಣದ ಮೇಲೆ ಬದಲಿಸಿದ್ದನ್ನು ವಾಪಸ್ ಮಾಡುವುದು ಹೇಗೆ? ಡೆಸ್ಕ್‌ಟಾಪಿನ ಪವರ್ ಕೇಬಲ್ ಗೋಡೆಯಿಂದಲೇ ಕಿತ್ತು, ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ದಿನಾಂಕ, ಸಮಯ ಮತ್ತೆ ಹೊಂದಿಸಬೇಕು. ಸೆಲ್ ಮುಟ್ಟುವ ಮುಂಚೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಬಗ್ಗೆ ಕೆಳಗೆ ಬರೆದಿದ್ದನ್ನು ಓದಿ.

ಆನ್ ಮಾಡಿದಾಗ ಬೀಪ್ ಬೀಪ್ ಅಂತ ಲಯದಲ್ಲಿ ಸದ್ದು ಬಂದರೆ ರ‍್ಯಾಮ್ ಮೇಲೆ ಅನುಮಾನ. ಬಿಚ್ಚಿ ಅಭ್ಯಾಸ ಇದ್ದವರು ಕರೆಂಟ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿ, ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಬಹುದು. ಅಭ್ಯಾಸ ಇಲ್ಲದಿದ್ದರೆ ಬೇಡ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬಾರದು. ಕರೆಂಟ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ.

## ಲೋಗೋ ಬರುತ್ತೆ, ಚುಕ್ಕಿ ಸುತ್ತುತ್ತೆ, ಆಮೇಲೆ ಕತ್ತಲು

ಅಪ್‌ಗ್ರೇಡ್ ಆದವರಿಗೆ ಜಾಸ್ತಿ ಎದುರಾಗುವುದು ಇದೇ. ಹಳೇ ಡಿಸ್‌ಪ್ಲೇ ಡ್ರೈವರ್, ಅಂದರೆ ಗ್ರಾಫಿಕ್ಸ್ ಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ, ಹೊಸ ವಿಂಡೋಸಿಗೆ ಹೊಂದುವುದಿಲ್ಲ. ಇಲ್ಲವೇ ಇಂಟೆಲ್ ಒಂದು, ಎನ್ವಿಡಿಯಾ ಒಂದು ಹೀಗೆ ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಚಿತ್ರ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದೇ ಗಲಿಬಿಲಿಯಾಗುತ್ತದೆ.

ಮೊದಲು ಚಿಕ್ಕಪ್ಪನ ನಾಲ್ಕು ಕೀ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ಬಿ ಒತ್ತಿ. ಬೀಪ್ ಬಂದು ಪರದೆ ಮಿಣಕ್ ಅನ್ನಬೇಕು. ಇದು ಡಿಸ್‌ಪ್ಲೇ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಫೈಲಿಗೆ ಏನೂ ಆಗುವುದಿಲ್ಲ.

ಬರಲಿಲ್ಲವಾ? ವಿಂಡೋಸ್ ಕೀ ಹಿಡಿದು ಪಿ ಒತ್ತಿ. ಎರಡು ಸೆಕೆಂಡ್ ಬಿಟ್ಟು ಕೆಳಗಿನ ಬಾಣದ ಕೀ ಒಮ್ಮೆ, ಆಮೇಲೆ ಎಂಟರ್. ಚಿತ್ರ ಬರುವ ತನಕ ಮೂರು ನಾಲ್ಕು ಸಲ ಹೀಗೇ ಮಾಡಿ. ಮಕ್ಕಳ ಆನ್‌ಲೈನ್ ಪಾಠಕ್ಕೆ ಯಾವತ್ತೋ ಟಿವಿಗೆ ಹಾಕಿದ್ದ ಲ್ಯಾಪ್‌ಟಾಪ್ "ಎರಡನೇ ಪರದೆ ಮಾತ್ರ" ಅನ್ನುವಲ್ಲಿ ನಿಂತುಬಿಟ್ಟಿದ್ದರೆ ಇದರಲ್ಲೇ ಸರಿಹೋಗುತ್ತದೆ.

ಅದಕ್ಕೂ ಬಗ್ಗದಿದ್ದರೆ ರಿಪೇರಿ ಪರದೆಗೆ ಹೋಗಬೇಕು. ಲಾಗಿನ್ ಪರದೆ ಕಾಣುತ್ತಿದ್ದರೆ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಏನೂ ಕಾಣುತ್ತಿಲ್ಲವೆಂದರೆ ಹೀಗೆ ಮಾಡಿ: ಆನ್ ಮಾಡಿ, ಲೋಗೋ ಬಂದು ಚುಕ್ಕಿ ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಹಿಡಿದು ಆಫ್ ಮಾಡಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೇ ಸಲ ಆನ್ ಮಾಡಿ ಬಿಟ್ಟುಬಿಡಿ. ವಿಂಡೋಸ್ ತಾನೇ ರಿಪೇರಿ ಪರದೆ ತೆರೆಯುತ್ತದೆ. ಅಪ್‌ಗ್ರೇಡ್ ಮುಗಿದಿದೆ ಅಂತ ಖಾತ್ರಿ ಇದ್ದರೆ ಮಾತ್ರ ಹೀಗೆ ಆಫ್ ಮಾಡಿ, ನಡುವೆ ಅಲ್ಲ.

ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಮೇತ ಸೇಫ್ ಮೋಡ್. ಪಿನ್ ತೆಗೆದುಕೊಳ್ಳದಿದ್ದರೆ ಖಾತೆಯ ಪಾಸ್‌ವರ್ಡ್ ಹಾಕಿ. ಸೇಫ್ ಮೋಡಿನಲ್ಲಿ ವಿಂಡೋಸ್ ನಿಮ್ಮ ಡ್ರೈವರ್ ಬಿಟ್ಟು ತನ್ನ ಸರಳ ಡ್ರೈವರಿನಲ್ಲಿ ಏಳುತ್ತದೆ. ಇಲ್ಲಿ ಚಿತ್ರ ಬಂತು ಅಂದರೆ ಬಹುಪಾಲು ಡ್ರೈವರೇ ಕಳ್ಳ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ನಿಮ್ಮ ಗ್ರಾಫಿಕ್ಸ್ ಹೆಸರಿದೆ. ಅದರ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಲು ಬಂದರೆ ಅದನ್ನೇ ಒತ್ತಿ. ಅದು ಮಂಕಾಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಡ್ರೈವರನ್ನೂ ತೆಗೆಯಲಾ ಎಂದು ಕೇಳುವ ಪುಟ್ಟ ಚೌಕಕ್ಕೆ ಟಿಕ್ ಹಾಕಿ. ರೀಸ್ಟಾರ್ಟ್ ಆದಮೇಲೆ ಚಿತ್ರ ಸ್ವಲ್ಪ ದಪ್ಪ ದಪ್ಪ ಕಂಡರೂ ಪರವಾಗಿಲ್ಲ. ನಿಮ್ಮ ಮಾಡೆಲ್ ನಂಬರ್ ಹಾಕಿ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಜಾಲತಾಣದಿಂದ ವಿಂಡೋಸ್ 11ರ ಡ್ರೈವರ್ ಇಳಿಸಿಕೊಳ್ಳಿ. "ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿಗೆ" ಎನ್ನುವ ತಂತ್ರಾಂಶಗಳ ಸಹವಾಸ ಬೇಡ.

## ಪರದೆ ಕಪ್ಪು, ಮೌಸಿನ ಬಾಣ ಮಾತ್ರ ಓಡಾಡುತ್ತೆ

ಇದು ಒಳ್ಳೆಯ ಲಕ್ಷಣ. ಡ್ರೈವರ್ ಸರಿ ಇದೆ, ವಿಂಡೋಸ್ ಎದ್ದಿದೆ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಶುರುವಾಗಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ರನ್ ನ್ಯೂ ಟಾಸ್ಕ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ (explorer.exe) ಅಂತ ಟೈಪ್ ಮಾಡಿ ಎಂಟರ್ ಹಾಕಿ. ಡೆಸ್ಕ್‌ಟಾಪ್ ಬಂದರೆ ಹಬ್ಬ. ಆದರೆ ಮುಂದಿನ ಸಲವೂ ಹೀಗೇ ಆಗಬಹುದು. ಕಾರಣ ಬಹುಪಾಲು ಹಳೇ ಆ್ಯಂಟಿವೈರಸ್ ಅಥವಾ ಆನ್ ಆದ ತಕ್ಷಣ ಏಳುವ ಯಾವುದೋ ತಂತ್ರಾಂಶ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಭಾಗದಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿ. ಆ್ಯಂಟಿವೈರಸ್ ತೆಗೆದು, ಹೊಸ ಆವೃತ್ತಿ ಹಾಕಿ.

ಆಮೇಲೂ ಸರಿಹೋಗದಿದ್ದರೆ ಅದೇ ರನ್ ನ್ಯೂ ಟಾಸ್ಕ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಚೌಕಕ್ಕೆ ಟಿಕ್ ಹಾಕಿ, ಸಿಎಂಡಿ (cmd) ಎಂಬ ಮೂರು ಅಕ್ಷರ ಬರೆದು ಕಪ್ಪು ಕಿಟಕಿ ತೆರೆಯಿರಿ. ಅಲ್ಲಿ ಎಸ್‌ಎಫ್‌ಸಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಬರೆದು (sfc /scannow) ಎಂಟರ್ ಹಾಕಿ. ಕೆಟ್ಟ ಸಿಸ್ಟಮ್ ಫೈಲುಗಳನ್ನು ಅದು ಹುಡುಕಿ ಸರಿಮಾಡುತ್ತದೆ. ನೂರು ಪರ್ಸೆಂಟ್ ಆಗುವ ತನಕ ಕಿಟಕಿ ಮುಚ್ಚಬೇಡಿ.

## ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬಂದಿದೆ

ಅಕ್ಷರ ಬಂದರೆ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಬೂಟ್ ಮಾಡುವ ಡಿವೈಸ್ ಸಿಗುತ್ತಿಲ್ಲ ಎಂದಿದ್ದರೆ, ಬಯಾಸಿನಲ್ಲಿ ಹಳೇ ಬೂಟ್ ಪದ್ಧತಿಯಾದ ಲೆಗಸಿ ಬದಲು ಹೊಸ ಪದ್ಧತಿಯಾದ ಯುಇಎಫ್‌ಐ ಆರಿಸಿದ್ದೀರಾ ನೆನಪು ಮಾಡಿಕೊಳ್ಳಿ. ಎಂಬಿಆರ್ ಎಂಬ ಹಳೇ ಮಾದರಿಯಲ್ಲಿ ಭಾಗ ಮಾಡಿದ ಡಿಸ್ಕಿನಿಂದ ವಿಂಡೋಸ್ ಯುಇಎಫ್‌ಐನಲ್ಲಿ ಏಳುವುದಿಲ್ಲ. ಮತ್ತೆ ಲೆಗಸಿಗೆ ಬದಲಿಸಿದರೆ ಎದ್ದು ಕೂರುತ್ತದೆ.

ಡಿವೈಸಿಗೆ ತೊಂದರೆಯಾಗಿದೆ, ರೀಸ್ಟಾರ್ಟ್ ಆಗಬೇಕು ಎಂದು ಇಂಗ್ಲಿಷಿನಲ್ಲಿ ಬಂದರೆ ಅದು ವಿಂಡೋಸ್ ಕುಸಿದುಬಿದ್ದಾಗ ಬರುತ್ತಿದ್ದ ಹಳೇ "ನೀಲಿ ಪರದೆ"ಯೇ. 2025ರಲ್ಲಿ ವಿಂಡೋಸ್ 11ರಲ್ಲಿ ಅದರ ಬಣ್ಣವನ್ನು ಕಪ್ಪು ಮಾಡಿದರು. ಕೆಳಗಿರುವ ಸ್ಟಾಪ್ ಕೋಡ್, ಅಂದರೆ ತೊಂದರೆಯ ಹೆಸರು, ಮುಖ್ಯ. ಅದರ ಜೊತೆ ಯಾವುದಾದರೂ ಫೈಲಿನ ಹೆಸರಿದ್ದರೆ ಇನ್ನೂ ಒಳ್ಳೆಯದು, ಯಾವ ಡ್ರೈವರ್ ಬಿದ್ದಿದೆ ಅಂತ ಅದೇ ಹೇಳುತ್ತದೆ.

## ನಲವತ್ತೆಂಟು ಅಂಕಿಯ ಕೀ ಕೇಳುತ್ತಿದೆ

ರಿಪೇರಿ ಪರದೆಗೆ ಹೋದಾಗ, ಬಯಾಸ್ ಬದಲಿಸಿದಾಗ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಹೆದರಬೇಡಿ. ನಿಮ್ಮ ಡಿಸ್ಕ್ ಬೀಗ ಹಾಕಿಕೊಂಡಿದೆ, ಬೀಗದಕೈ ಕೇಳುತ್ತಿದೆ ಅಷ್ಟೆ. ಈ ಕೀ 48 ಅಂಕಿಯದು. ಲ್ಯಾಪ್‌ಟಾಪಿಗೆ ಹಾಕಿದ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ, ಡಿವೈಸುಗಳ ಪಟ್ಟಿಯಲ್ಲಿ ನೋಡಿ. ಪರದೆಯ ಮೇಲಿನ ಕೀ ಐಡಿಯೂ ಅಲ್ಲಿನದೂ ಒಂದೇನಾ ಅಂತ ತಾಳೆ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಅಲ್ಲಿನ ಐಟಿಯವರ ಹತ್ತಿರ ಇರುತ್ತದೆ. ಈ ಕೀ ಇಲ್ಲದೆ ಆ ಡಿಸ್ಕಿನಿಂದ ಒಂದು ಫೋಟೋ ಕೂಡ ತೆಗೆಯಲು ಆಗುವುದಿಲ್ಲ. ಹಾಗಾಗಿ ಬಯಾಸ್ ಸೆಲ್ ತೆಗೆಯುವ ಮುಂಚೆ ಕೀ ಕೈಯಲ್ಲಿರಲಿ.

## ಯಾವುದಕ್ಕೂ ಬಗ್ಗುತ್ತಿಲ್ಲ: ಮೊದಲು ಫೈಲು, ಆಮೇಲೆ ವಿಂಡೋಸ್

ರಿಪೇರಿ ಪರದೆಯ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಹಾಕಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಈಗ ಆ ಪುಟ್ಟ ಕಿಟಕಿಯೇ ನಿಮ್ಮ ಫೈಲ್ ಎಕ್ಸ್‌ಪ್ಲೋರರ್. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಒತ್ತಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಮಾಡಿ. ಡ್ರೈವಿನ ಅಕ್ಷರ ಅದಲುಬದಲಾಗಿರಬಹುದು, ಸಿ ಬದಲು ಡಿ ಅಂತ ಕಾಣಬಹುದು. ಎಷ್ಟು ಕಾಪಿ ಆಯಿತು ಅಂತ ಇಲ್ಲಿ ತೋರಿಸುವುದಿಲ್ಲ, ಕಿಟಕಿ ಸತ್ತ ಹಾಗೆ ನಿಂತಿರುತ್ತದೆ. ಕಾಯಿರಿ.

ಆಮೇಲೆ ಅದೇ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಒಳಗೆ ಲೇಟೆಸ್ಟ್ ಫೀಚರ್ ಅಪ್‌ಡೇಟ್ ತೆಗೆದರೆ ಹಳೇ ವಿಂಡೋಸಿಗೇ ವಾಪಸ್ ಹೋಗಬಹುದು. ಮಾಮೂಲಾಗಿ ಹತ್ತು ದಿನದ ಒಳಗೆ ಮಾತ್ರ. ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಇರುತ್ತದೆ. ಜಾಗ ಖಾಲಿ ಮಾಡಲು ಅದನ್ನು ಅಳಿಸಿದ್ದರೆ ಆ ದಾರಿ ಮುಚ್ಚಿತು.

ಕೊನೆಯದು ಟ್ರಬಲ್‌ಶೂಟ್ ಒಳಗಿನ ರೀಸೆಟ್. ಕೀಪ್ ಮೈ ಫೈಲ್ಸ್ ಆರಿಸಿ, ರಿಮೂವ್ ಎವೆರಿಥಿಂಗ್ ಬೇಡ. ಫೈಲ್ ಉಳಿದರೂ ನೀವು ಹಾಕಿದ ತಂತ್ರಾಂಶವೆಲ್ಲ ಹೋಗುತ್ತದೆ. ಟ್ಯಾಲಿಯ ಡೇಟಾ ಯಾವ ಫೋಲ್ಡರಿನಲ್ಲಿದೆ ಅಂತ ಮೊದಲೇ ಹುಡುಕಿ ಕಾಪಿ ಇಟ್ಟುಕೊಳ್ಳಿ. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶ ಬಳಸುವವರಿಗೆ ಇನ್ನೊಂದು ಮಾತು. ಅವುಗಳ ಫಾಂಟೂ ಹೋಗುತ್ತದೆ. ಹಳೇ ನುಡಿ ಫಾಂಟಿನಲ್ಲಿ ಬರೆದ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡ ಹಾಗೆ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ನುಡಿ ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಹೆದರಿ ಅಳಿಸಬೇಡಿ.

## ಇಲ್ಲಿಗೆ ನಿಲ್ಲಿಸಿ

ಬ್ಯಾಟರಿ ಉಬ್ಬಿ ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ತಕ್ಷಣ ಆಫ್ ಮಾಡಿ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ. ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ರತಿ ಸಲ ಆನ್ ಮಾಡಿದಾಗಲೂ ಡೇಟಾ ಉಳಿಯುವ ಅವಕಾಶ ಕಮ್ಮಿಯಾಗುತ್ತದೆ. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಸಹಾಯವಾಣಿ ನಂಬರನ್ನು ಸುಮ್ನೆ ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ನಕಲಿ ನಂಬರುಗಳು ತುಂಬಾ ಇವೆ. ಫೋನಿಗೆ ಪರದೆ ತೋರಿಸುವ ಆ್ಯಪ್ ಹಾಕಿ ಅಂದರೆ, ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಂಗಡಿಗೆ ಕೊಡುವಾಗ "ಸ್ಕ್ರೀನ್ ಬರ್ತಿಲ್ಲ" ಅಂತಷ್ಟೇ ಹೇಳಬೇಡಿ. ಲೋಗೋ ಬರುತ್ತಾ, ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಾ, ಟಾರ್ಚಿನಲ್ಲಿ ಏನು ಕಂಡಿತು, ಟಿವಿಯಲ್ಲಿ ಚಿತ್ರ ಬಂತಾ ಎಲ್ಲ ಹೇಳಿ. ತೆಗೆದ ಫೋಟೋ ತೋರಿಸಿ. ಅವರು ಕೊಡುವ ರಸೀದಿಯ ಮೇಲೆ "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು" ಅಂತ ನಿಮ್ಮೆದುರೇ ಬರೆಸಿ, ಅದರ ಫೋಟೋ ಇಟ್ಟುಕೊಳ್ಳಿ.